ಚಿಲ್ಲರೆ ಬದಲು ಕೈಗೆ ಬರೋ ಸಕ್ಕರೆ

ಅಂಗಡಿಗೆ ಹೋಗಿ ಹದಿನೆಂಟು ರೂಪಾಯಿ ಸಾಮಾನು ತಗೋತೀರಿ, ಇಪ್ಪತ್ತರ ನೋಟು ಕೊಡ್ತೀರಿ. ಅಂಗಡಿಯವರು ಗಲ್ಲಾಪೆಟ್ಟಿಗೆ ತಡಕಾಡಿ, "ಚಿಲ್ಲರೆ ಇಲ್ಲ ಸಾರ್" ಅಂತ ಪಕ್ಕದ ಡಬ್ಬಿಗೆ ಕೈಹಾಕಿ ಎರಡು ಕೆಮ್ಮಿನ ಗುಳಿಗೆ ಕೊಡ್ತಾರೆ. ನೀವೂ ಸುಮ್ಮನೆ ಜೇಬಿಗೆ ಹಾಕ್ಕೊಂಡು ಬರ್ತೀರಿ. ಯಾವತ್ತಾದರೂ ಯೋಚನೆ ಮಾಡಿದ್ದೀರಾ? ಚಿಲ್ಲರೆ ಇಲ್ಲ ಅಂತ ಯಾರಾದರೂ ಬಿ.ಪಿ. ಮಾತ್ರೆ ಕೊಡ್ತಾರಾ? ಜ್ವರದ ಮಾತ್ರೆ ಕೊಡ್ತಾರಾ? ಕೊಡಲ್ಲ. ಯಾಕಂದ್ರೆ ಅದು ಔಷಧ. ಹಾಗಾದ್ರೆ ಈ ಗುಳಿಗೆ ಏನು? ಔಷಧವೋ, ಪೆಪ್ಪರ್‌ಮೆಂಟೋ?

ಇದು ತಮಾಷೆಗೆ ಕೇಳ್ತಿರೋ ಪ್ರಶ್ನೆ ಅಲ್ಲ. ಇಂಥ ಗುಳಿಗೆಗಳನ್ನು ಔಷಧ ಅನ್ನಬೇಕೋ ಮಿಠಾಯಿ ಅನ್ನಬೇಕೋ ಅನ್ನೋ ತೆರಿಗೆ ವ್ಯಾಜ್ಯ ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಆಗ ಔಷಧ ಅಂದ್ರೆ ಒಂದು ದರದ ತೆರಿಗೆ, ಮಿಠಾಯಿ ಅಂದ್ರೆ ಇನ್ನೊಂದು ದರ ಇತ್ತು. ಕಂಪನಿಗಳಿಗೂ ತೆರಿಗೆ ಇಲಾಖೆಗೂ ಇರೋ ಜಗಳ ಅವರಿಗಿರಲಿ. ಇವತ್ತು ನಾನು ಕೇಳ್ತಿರೋದು ಮನೆಯೊಳಗಿನ ಪ್ರಶ್ನೆ. ಅಪ್ಪನಿಗೆ ಶುಗರ್ ಇದೆ. ಹದಿನೈದು ವರ್ಷದಿಂದ ಕಾಫಿಗೆ ಸಕ್ಕರೆ ಹಾಕಿಲ್ಲ. ಮದುವೆ ಮನೆಗೆ ಹೋದರೆ ಎಲೆ ಮೇಲಿನ ಹೋಳಿಗೆಯನ್ನು ಮೊಮ್ಮಗನ ಎಲೆಗೆ ದಾಟಿಸ್ತಾರೆ. ಅದೇ ಅಪ್ಪ ಕೆಮ್ಮು ಶುರುವಾದ ಕೂಡಲೇ ಬೆಳಗ್ಗೆಯಿಂದ ರಾತ್ರಿವರೆಗೆ ಹತ್ತು ಗುಳಿಗೆ ಚೀಪ್ತಾರೆ. ಮನೆಯಲ್ಲಿ ಯಾರೂ ಬೇಡ ಅನ್ನಲ್ಲ. ಪಾಪ, ಔಷಧ ತಾನೇ ಅಂತಾರೆ. ಆ ಹತ್ತು ಗುಳಿಗೆಯಲ್ಲಿ ಎಷ್ಟು ಸಕ್ಕರೆ ಇದೆ ಅಂತ ಲೆಕ್ಕ ಹಾಕಿದವರು ಎಷ್ಟು ಜನ?

ಬನ್ನಿ, ಲೆಕ್ಕ ಹಾಕೋಣ. ಮೊದಲು ಇದನ್ನು ಹೇಗೆ ಮಾಡ್ತಾರೆ ನೋಡಿ. ಸಕ್ಕರೆ, ಅದರ ಜೊತೆಗೆ ಲಿಕ್ವಿಡ್ ಗ್ಲೂಕೋಸ್ ಅನ್ನೋ ಗಟ್ಟಿ ಪಾಕ, ಎರಡನ್ನೂ ನೀರಲ್ಲಿ ಕರಗಿಸಿ ಕುದಿಸ್ತಾರೆ. ಉಷ್ಣತೆ ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತೆ. ನೀರು ಹೆಚ್ಚುಕಡಿಮೆ ಪೂರ್ತಿ ಆವಿಯಾಗುತ್ತೆ, ಕೊನೆಗೆ ನೂರಕ್ಕೆ ಎರಡು ಮೂರು ಭಾಗ ಉಳಿದರೆ ಹೆಚ್ಚು. ಆ ಬಿಸಿ ಪಾಕ ಸ್ವಲ್ಪ ಆರಿದ ಮೇಲೆ ಪುದೀನಾ ಸತ್ವ, ಅಂದರೆ ಮೆಂಥಾಲ್, ನೀಲಗಿರಿ ಎಣ್ಣೆ, ಬಣ್ಣ, ಪರಿಮಳ ಬೆರೆಸಿ ಅಚ್ಚಿಗೆ ಹಾಕ್ತಾರೆ. ತಣ್ಣಗಾದರೆ ಗಾಜಿನ ಹಾಗೆ ಗಟ್ಟಿ. ನಮ್ಮ ಜಾತ್ರೆಯಲ್ಲಿ ಮಾರೋ ಗಟ್ಟಿ ಮಿಠಾಯಿಗೂ ಇದಕ್ಕೂ ಮಾಡೋ ವಿಧಾನದಲ್ಲಿ ಏನೂ ವ್ಯತ್ಯಾಸ ಇಲ್ಲ.

ಈ ಲಿಕ್ವಿಡ್ ಗ್ಲೂಕೋಸ್ ಯಾಕೆ? ಮನೆಯಲ್ಲಿ ಸಕ್ಕರೆ ಪಾಕ ಮಾಡುವಾಗ ಹರಳುಗಟ್ಟಬಾರದು ಅಂತ ಎರಡು ಹನಿ ನಿಂಬೆರಸ ಹಿಂಡ್ತಾರಲ್ಲ, ಅದೇ ಕೆಲಸಕ್ಕೆ. ಬರೀ ಸಕ್ಕರೆಯಾದರೆ ಗುಳಿಗೆ ಮರಳು ಮರಳಾಗುತ್ತೆ. ಗ್ಲೂಕೋಸ್ ಪಾಕ ಸೇರಿದರೆ ನುಣುಪಾಗಿ, ಪಾರದರ್ಶಕವಾಗಿ ನಿಲ್ಲುತ್ತೆ. ನಮ್ಮಲ್ಲಿ ಈ ಪಾಕವನ್ನು ಹೆಚ್ಚಾಗಿ ಮೆಕ್ಕೆಜೋಳದ ಪಿಷ್ಟದಿಂದ ತೆಗೀತಾರೆ. ದಾವಣಗೆರೆ, ಹಾವೇರಿ ಕಡೆ ರೈತರು ಬೆಳೀತಾರಲ್ಲ, ಅದೇ ಮೆಕ್ಕೆಜೋಳ. ಅಂದರೆ ಗುಳಿಗೆಯ ಒಂದು ಕಾಲು ಕಬ್ಬಿನ ಗದ್ದೆಯಲ್ಲಿ, ಇನ್ನೊಂದು ಕಾಲು ಜೋಳದ ಹೊಲದಲ್ಲಿ. ಎರಡೂ ಕಾರ್ಬೋಹೈಡ್ರೇಟೇ.

ಈಗ ತೂಕ. ಮಾರುಕಟ್ಟೆಯಲ್ಲಿ ಸಿಗೋ ಗುಳಿಗೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ಗ್ರಾಂ ತೂಗುತ್ತವೆ. ನಾವು ಎರಡೂವರೆ ಗ್ರಾಂ ಅಂತ ಇಟ್ಕೊಳ್ಳೋಣ. ಅದರಲ್ಲಿ ನೀರು, ಎಣ್ಣೆ, ಬಣ್ಣ ಕಳೆದರೆ ಉಳಿಯೋ ಸುಮಾರು 2.4 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಗ್ರಾಂ ಕಾರ್ಬೋಹೈಡ್ರೇಟ್‌ಗೆ 4 ಕ್ಯಾಲೊರಿ, ಅಂದರೆ ಒಂದು ಗುಳಿಗೆಗೆ ಹತ್ತಿರ ಹತ್ತಿರ 10 ಕ್ಯಾಲೊರಿ. ಒಂದು ಟೀ ಚಮಚ ಸಕ್ಕರೆ ಅಂದರೆ ನಾಲ್ಕರಿಂದ ಐದು ಗ್ರಾಂ. ಹಾಗಾಗಿ ಎರಡು ಗುಳಿಗೆ ಚೀಪಿದರೆ ಒಂದು ಚಮಚ ಸಕ್ಕರೆ ಬಾಯಿಗೆ ಹಾಕ್ಕೊಂಡ ಹಾಗೆ.

ಹತ್ತು ಗುಳಿಗೆ? 24 ಗ್ರಾಂ. ಐದು ಚಮಚ. ಸಕ್ಕರೆ ಇಲ್ಲದ ಕಾಫಿ ಕುಡಿದು, ಆಮೇಲೆ ಐದು ಲೋಟ ಕಾಫಿಯ ಸಕ್ಕರೆಯನ್ನು ಬೇರೆ ದಾರಿಯಲ್ಲಿ ಒಳಗೆ ಬಿಟ್ಟುಕೊಂಡ ಹಾಗಾಯ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ ಏನು ಗೊತ್ತಾ? ದಿನದ ಕ್ಯಾಲೊರಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೇದು. ದಿನಕ್ಕೆ 2000 ಕ್ಯಾಲೊರಿ ತಿನ್ನೋರಿಗೆ ಆ ಶೇ. 5 ಅಂದರೆ 25 ಗ್ರಾಂ. ಇದು ಆರೋಗ್ಯವಂತರಿಗೆ ಹೇಳಿದ ಮಾತು. ಹತ್ತು ಗುಳಿಗೆಯಲ್ಲೇ ಆ ಕೋಟಾ ಮುಗೀತು, ಇನ್ನು ಬಿಸ್ಕೆಟ್ಟು, ಬನ್ನು, ಜ್ಯೂಸು ಲೆಕ್ಕಕ್ಕೇ ಬಂದಿಲ್ಲ.

ಸರಿ, ಸಕ್ಕರೆ ಇಷ್ಟಾಯ್ತು. ಔಷಧ ಎಷ್ಟು? ಗಂಟಲು ನೋವಿಗೆ ಎಲ್ಲರಿಗೂ ಗೊತ್ತಿರೋ ಸ್ಟ್ರೆಪ್ಸಿಲ್ಸ್ ತಗೊಳ್ಳಿ. ಅದರಲ್ಲಿರೋ ಎರಡು ಕ್ರಿಮಿನಾಶಕಗಳಲ್ಲಿ ಒಂದು 1.2 ಮಿಲಿಗ್ರಾಂ, ಇನ್ನೊಂದು 0.6 ಮಿಲಿಗ್ರಾಂ. ಎರಡೂ ಸೇರಿ 1.8 ಮಿಲಿಗ್ರಾಂ. ಒಂದು ಗ್ರಾಂ ಅಂದರೆ ಸಾವಿರ ಮಿಲಿಗ್ರಾಂ ಅನ್ನೋದು ನೆನಪಿರಲಿ. ಶುಗರ್ ಫ್ರೀ ಅಲ್ಲದ ಸಾಧಾರಣ ಗುಳಿಗೆಯಾದರೆ ಉಳಿದ ಹೆಚ್ಚಿನ ಭಾಗವೆಲ್ಲ ಸಕ್ಕರೆ, ಗ್ಲೂಕೋಸ್ ಪಾಕ. ಮೆಂಥಾಲ್ ಗುಳಿಗೆಗಳ ಕಥೆಯೂ ಇದೇ, ಔಷಧ ಮಿಲಿಗ್ರಾಂ ಲೆಕ್ಕದಲ್ಲಿ, ಸಕ್ಕರೆ ಗ್ರಾಂ ಲೆಕ್ಕದಲ್ಲಿ. ಇದೇನು ಗುಟ್ಟಲ್ಲ, ಹೊಸದೂ ಅಲ್ಲ. ಅಮೆರಿಕದ ಹೆಸರಾಂತ ಸ್ಮಿತ್ ಬ್ರದರ್ಸ್ ಕೆಮ್ಮಿನ ಗುಳಿಗೆ 19ನೇ ಶತಮಾನದಲ್ಲಿ ಹುಟ್ಟಿದ್ದು ಪೊಕೀಪ್ಸಿ ಅನ್ನೋ ಊರಲ್ಲಿ ಮಿಠಾಯಿ ಮಾಡಿ ಮಾರ್ತಿದ್ದ ಮನೆಯಲ್ಲಿ, ಔಷಧ ಕಾರ್ಖಾನೆಯಲ್ಲಲ್ಲ.

ಹಾಗಾದ್ರೆ ಇದು ಕೆಲಸವೇ ಮಾಡಲ್ವಾ? ಮಾಡುತ್ತೆ. ಅನ್ಯಾಯವಾಗಿ ಮಾತಾಡಬಾರದು. ಮೆಂಥಾಲ್ ನಮ್ಮ ನರದ ತುದಿಯಲ್ಲಿ ತಂಪನ್ನು ಗುರುತಿಸೋ ಒಂದು ಗ್ರಾಹಕವನ್ನು ತಟ್ಟುತ್ತೆ. ಗಂಟಲು ನಿಜವಾಗಿ ತಣ್ಣಗಾಗಿರಲ್ಲ, ತಣ್ಣಗಾಗಿದೆ ಅಂತ ಮಿದುಳಿಗೆ ಸುದ್ದಿ ಹೋಗುತ್ತೆ. ಆ ಗ್ರಾಹಕವನ್ನು 2002ರಲ್ಲಿ ಪತ್ತೆ ಮಾಡಿದವರಲ್ಲಿ ಡೇವಿಡ್ ಜೂಲಿಯಸ್ ಒಬ್ಬರು. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂತು. ಇನ್ನು ಸಕ್ಕರೆಗೂ ಒಂದು ಗುಣ ಇದೆ. ಸಿಹಿ ಚೀಪಿದರೆ ಜೊಲ್ಲು ಬರುತ್ತೆ, ಒಣಗಿದ ಗಂಟಲು ಒದ್ದೆಯಾಗುತ್ತೆ, ಕೆರೆತ ಕಡಿಮೆಯಾಗುತ್ತೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನೆಗಡಿ ಬಗ್ಗೆಯೇ ದಶಕಗಟ್ಟಲೆ ಸಂಶೋಧನೆ ಮಾಡಿದ ರಾನ್ ಎಕ್ಲಿಸ್ ಅವರು ಕೆಮ್ಮಿನ ಸಿರಪ್‌ಗಳ ಉಪಕಾರದಲ್ಲಿ ಸಿಹಿ ರುಚಿಯ ಪಾಲೂ ದೊಡ್ಡದು ಅಂತ ವಾದಿಸಿದ್ದಾರೆ. ಅಂದರೆ ಆರಾಮ ಸಿಗೋದು ನಿಜ. ಆ ಆರಾಮಕ್ಕೆ ಕೊಡೋ ಬೆಲೆ ಎಷ್ಟು ಅನ್ನೋದು ಗೊತ್ತಿರಬೇಕು, ಅಷ್ಟೇ ನಾನು ಹೇಳೋದು.

ಆದರೆ ಗೊತ್ತಾಗೋದು ಹೇಗೆ ಸ್ವಾಮಿ? ಗುಳಿಗೆ ಸುತ್ತಿರೋ ಕಾಗದ ನೋಡಿ. ಬೆರಳುದ್ದದ ಕಾಗದದಲ್ಲಿ ಏನು ಬರೆದಿರ್ತಾರೆ? ನಮ್ಮ ಆಹಾರ ಕಾಯ್ದೆಯ ಪ್ರಕಾರ ಪ್ಯಾಕೆಟ್ ಆಹಾರದ ಮೇಲೆ ಕಾರ್ಬೋಹೈಡ್ರೇಟ್ ಎಷ್ಟು, ಸಕ್ಕರೆ ಎಷ್ಟು, ಮೇಲಿಂದ ಸೇರಿಸಿದ ಸಕ್ಕರೆ ಎಷ್ಟು ಅಂತ ಬರೀಬೇಕು. ಆದರೆ ನೂರು ಚದರ ಸೆಂಟಿಮೀಟರ್‌ಗಿಂತ ಚಿಕ್ಕ ಪೊಟ್ಟಣಕ್ಕೆ ಇದರಿಂದ ವಿನಾಯಿತಿ ಇದೆ, ದೊಡ್ಡ ಡಬ್ಬಿಯ ಮೇಲೆ ಬರೆದರೆ ಸಾಕು. ಆ ಡಬ್ಬಿ ಇರೋದು ಅಂಗಡಿಯವರ ಹತ್ತಿರ, ಗುಳಿಗೆ ಬಂದಿರೋದು ನಿಮ್ಮ ಕೈಗೆ. ಇನ್ನು ಔಷಧದ ಲೈಸೆನ್ಸ್‌ನಲ್ಲಿ, ಆಯುರ್ವೇದ ಔಷಧದ ಹೆಸರಲ್ಲಿ ಮಾರೋ ಗುಳಿಗೆಗಳೂ ಇವೆ. ಅವು ಆಹಾರವೇ ಅಲ್ಲ, ಹಾಗಾಗಿ ಪೋಷಕಾಂಶದ ಪಟ್ಟಿ ಹಾಕಲೇಬೇಕು ಅನ್ನೋ ನಿಯಮವೂ ಅವಕ್ಕೆ ಬರಲ್ಲ. ಅಲ್ಲಿ ಮೆಂಥಾಲ್ ಇಷ್ಟು ಮಿಲಿಗ್ರಾಂ, ನೀಲಗಿರಿ ಎಣ್ಣೆ ಇಷ್ಟು ಮಿಲಿಗ್ರಾಂ ಅಂತ ಕರಾರುವಾಕ್ಕಾಗಿ ಬರೆದು, ಸಕ್ಕರೆ ಮುಂದೆ ಹಲವರು ಎರಡೇ ಅಕ್ಷರ ಹಾಕ್ತಾರೆ: ಕ್ಯೂ.ಎಸ್. ಲ್ಯಾಟಿನ್ ಭಾಷೆಯ ಸಂಕ್ಷೇಪ ಅದು. ಅರ್ಥ ಏನು ಗೊತ್ತಾ? ಬೇಕಾದಷ್ಟು! ಔಷಧಕ್ಕೆ ಲೆಕ್ಕ ಇದೆ, ಸಕ್ಕರೆಗೆ ಮಾತ್ರ ಬೇಕಾದಷ್ಟು.

ಡಬ್ಬಿಯ ಮೇಲೆ ಪಟ್ಟಿ ಇದ್ದರೂ ಓದೋಕೆ ಒಂದು ಕ್ರಮ ಇದೆ. ಬಹಳ ಜನ 'ಸಕ್ಕರೆ' ಅನ್ನೋ ಸಾಲು ಮಾತ್ರ ನೋಡ್ತಾರೆ. ಅದರ ಮೇಲೆ 'ಕಾರ್ಬೋಹೈಡ್ರೇಟ್' ಅನ್ನೋ ಸಾಲು ಇರುತ್ತೆ, ಶುಗರ್ ಇರೋರು ನೋಡಬೇಕಾದ್ದು ಅದನ್ನ. ಯಾಕೆ? ಲಿಕ್ವಿಡ್ ಗ್ಲೂಕೋಸ್‌ನಲ್ಲಿ ಪೂರ್ತಿ ಒಡೆಯದ ಪಿಷ್ಟದ ಸಣ್ಣ ಸಣ್ಣ ಸರಪಳಿಗಳು ಉಳಿದಿರುತ್ತವೆ. ಕಾನೂನಿನ ಲೆಕ್ಕದಲ್ಲಿ ಅವು ಸಕ್ಕರೆ ಅಲ್ಲ, ಕಾರ್ಬೋಹೈಡ್ರೇಟ್ ಮಾತ್ರ. ಆದರೆ ಹೊಟ್ಟೆಗೆ ಹೋದ ಮೇಲೆ ಬೇಗನೆ ಒಡೆದು ಗ್ಲೂಕೋಸ್ ಆಗಿ ರಕ್ತ ಸೇರುತ್ತವೆ. ಕಾಗದದ ಮೇಲೆ ಸಕ್ಕರೆ ಕಮ್ಮಿ ಕಾಣುತ್ತೆ, ಗ್ಲೂಕೋಮೀಟರ್‌ನಲ್ಲಿ ಕಮ್ಮಿ ಕಾಣಲ್ಲ.

ಇದೆಲ್ಲ ಯಾಕಿಷ್ಟು ಕೊರೀತಿದ್ದೀನಿ ಅಂತೀರಾ? 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರೋರು 10 ಕೋಟಿಗೂ ಹೆಚ್ಚು. ಕಾಯಿಲೆಯ ಹೊಸ್ತಿಲಲ್ಲಿ ನಿಂತಿರೋರು ಇನ್ನೂ 13 ಕೋಟಿಗೂ ಮೇಲೆ. ಇವರಿಗೆ ನೆಗಡಿ, ಕೆಮ್ಮು, ಜ್ವರ ಬಂದಾಗ ಏನಾಗುತ್ತೆ ಅಂದ್ರೆ, ದೇಹ ಸೋಂಕಿನ ಜೊತೆ ಹೋರಾಡೋಕೆ ಬಿಡುಗಡೆ ಮಾಡೋ ಹಾರ್ಮೋನುಗಳೇ ರಕ್ತದ ಸಕ್ಕರೆಯನ್ನು ಏರಿಸ್ತವೆ. ಏನೂ ತಿನ್ನದೇ ಇದ್ದರೂ ಶುಗರ್ ಏರಬಹುದು. ಅಂಥ ಹೊತ್ತಲ್ಲೇ ಗುಳಿಗೆ ಸೇರುತ್ತೆ. ಅದರ ಜೊತೆಗೆ ಸಿರಪ್ಪು, ಔಷಧಿ ಮಾಡೋ ಸಾದಾ ಸಿರಪ್‌ನಲ್ಲಿ ತೂಕದ ಮೂರನೇ ಎರಡು ಭಾಗ ಸಕ್ಕರೆಯೇ. ಅದರ ಜೊತೆಗೆ ಗಂಟಲಿಗೆ ಹಿತ ಅಂತ ಜೇನುತುಪ್ಪ. ಒಂದು ವಾರ ಬಿಟ್ಟು ಟೆಸ್ಟ್ ಮಾಡಿಸಿದರೆ ಶುಗರ್ ಮೇಲೆ ಹೋಗಿರುತ್ತೆ, "ನಾನು ಏನೂ ಸಿಹಿ ತಿಂದೇ ಇಲ್ಲ ಡಾಕ್ಟ್ರೇ" ಅಂತಾರೆ. ಸುಳ್ಳು ಹೇಳ್ತಿಲ್ಲ ಅವರು. ಗುಳಿಗೆಯನ್ನು ಸಿಹಿ ಅಂತ ಎಣಿಸಿಯೇ ಇಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಒಂದೋ ಎರಡೋ ಗುಳಿಗೆಯಿಂದ ಆಕಾಶ ಕಳಚಿ ಬೀಳಲ್ಲ. ಭಯ ಬೀಳಬೇಡಿ. ತೊಂದರೆ ಇರೋದು ಅಭ್ಯಾಸದಲ್ಲಿ. ಗಂಟಲನ್ನೇ ನಂಬಿ ಬದುಕೋರು ಎಷ್ಟು ಜನ ಇದ್ದಾರೆ ನೋಡಿ: ಮೇಷ್ಟ್ರು, ಬಸ್ ಕಂಡಕ್ಟರು, ವಕೀಲರು, ಹಾಡೋರು, ಹರಾಜು ಕೂಗೋರು, ನಮ್ಮಂಥ ಟಿ.ವಿ.ಯವರು. ಕೆಮ್ಮು ಇರಲಿ ಬಿಡಲಿ, ಬಾಯಲ್ಲಿ ಒಂದು ಇರಲೇಬೇಕು. ಅವರಿಗೆ ಇನ್ನೊಂದು ಪೆಟ್ಟು ಹಲ್ಲಿಗೆ. ಬಾಯಲ್ಲಿರೋ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡ್ತವೆ. ಹಲ್ಲಿನ ಎನಾಮಲ್ ಸವೆಯೋಕೆ ಶುರುವಾಗುತ್ತೆ. ಜೊಲ್ಲು ಆ ಆಮ್ಲವನ್ನು ತೊಳೆದು ಸರಿಮಾಡೋಕೆ ಅರ್ಧ ಗಂಟೆಯಾದರೂ ಬೇಕು. ಲಡ್ಡು ತಿಂದರೆ ಎರಡು ನಿಮಿಷದಲ್ಲಿ ಮುಗಿಯುತ್ತೆ. ಗುಳಿಗೆ ಹಾಗಲ್ಲ, ಹತ್ತು ನಿಮಿಷ ದವಡೆಯ ಒಂದೇ ಮೂಲೆಯಲ್ಲಿ ಕರಗ್ತಾ ಕೂರುತ್ತೆ. ಅದು ಮುಗಿದ ಮೇಲೆ ಇನ್ನೊಂದು. ಹಲ್ಲಿಗೆ ಬಿಡುವೇ ಇಲ್ಲ. ರಾತ್ರಿ ಬಾಯಲ್ಲಿ ಇಟ್ಕೊಂಡು ಮಲಗೋರಂತೂ ಎರಡು ಅಪಾಯ ಮೈಮೇಲೆ ಎಳ್ಕೊಳ್ತಾರೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಲ್ಲು ಹಾಳು. ಜೊತೆಗೆ ಗುಳಿಗೆ ಜಾರಿ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳೋ ಭಯ. ಅದೇ ಕಾರಣಕ್ಕೆ ಚಿಕ್ಕ ಮಕ್ಕಳ ಕೈಗಂತೂ ಇದನ್ನ ಕೊಡಲೇಬೇಡಿ.

"ಹಾಗಾದ್ರೆ ಶುಗರ್ ಫ್ರೀ ತಗೋತೀವಿ ಬಿಡಿ" ಅಂತೀರಿ. ಒಳ್ಳೇದು, ಸಕ್ಕರೆ ಕಾಯಿಲೆಯವರಿಗೂ ಹಲ್ಲಿಗೂ ಅದು ಮೇಲು. ಆದರೆ ಶುಗರ್ ಫ್ರೀ ಅಂದ್ರೆ ಏನು ಅಂತ ತಿಳ್ಕೊಂಡು ತಗೊಳ್ಳಿ. ನಮ್ಮ ಆಹಾರ ನಿಯಮದಲ್ಲಿ ನೂರು ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇಲ್ಲದಿದ್ದರೆ ಆ ಹೆಸರು ಹಾಕಬಹುದು. ಸಕ್ಕರೆ ತೆಗೆದ ಜಾಗಕ್ಕೆ ಗುಳಿಗೆ ಗಟ್ಟಿಯಾಗೋಕೆ ಏನಾದರೂ ಬೇಕಲ್ಲ? ಐಸೋಮಾಲ್ಟ್, ಸಾರ್ಬಿಟಾಲ್, ಮಾಲ್ಟಿಟಾಲ್ ಹಾಕ್ತಾರೆ. ಇವೂ ಕಾರ್ಬೋಹೈಡ್ರೇಟೇ, ಆದರೆ ಪೂರ್ತಿ ಜೀರ್ಣ ಆಗಲ್ಲ. ಸಕ್ಕರೆಯ ಗ್ರಾಂಗೆ 4 ಕ್ಯಾಲೊರಿ ಆದರೆ ಇವುಗಳದ್ದು ಎರಡು ಎರಡೂವರೆ. ಶುಗರ್ ಏರಿಸೋದೂ ಕಡಿಮೆ, ಪೂರ್ತಿ ಸೊನ್ನೆ ಅಲ್ಲ. ಮಾಲ್ಟಿಟಾಲ್ ಉಳಿದೆರಡಕ್ಕಿಂತ ತುಸು ಹೆಚ್ಚು ಏರಿಸುತ್ತೆ. ಜೀರ್ಣ ಆಗದೇ ಉಳಿದಿದ್ದು ದೊಡ್ಡ ಕರುಳಿಗೆ ಹೋಗಿ ನೀರು ಎಳೆಯುತ್ತೆ, ಹಾಗಾಗಿ ಒಂದೇ ದಿನ ಬೇಕಾಬಿಟ್ಟಿ ಚೀಪಿದರೆ ಹೊಟ್ಟೆ ಉಬ್ಬರ, ಭೇದಿ ಖಂಡಿತ.

ಇನ್ನು "ಜೇನು ಸೇರಿದೆ", "ಬೆಲ್ಲದಲ್ಲಿ ಮಾಡಿದ್ದು", "ಪೂರ್ತಿ ಗಿಡಮೂಲಿಕೆ" ಅನ್ನೋ ಮಾತಿಗೆ ಮರುಳಾಗಬೇಡಿ. ಜೇನಿನಲ್ಲಿ ನೂರಕ್ಕೆ ಎಂಬತ್ತು ಭಾಗ ಸಕ್ಕರೆಗಳೇ. ಬೆಲ್ಲದ ಬಹುಭಾಗ ಕಬ್ಬಿನ ಸಕ್ಕರೆಯೇ. ನಮ್ಮಜ್ಜಿಯರು ಮೆಣಸಿನ ಕಾಳಿನ ಜೊತೆ ಕೊಡ್ತಿದ್ದ ಕಲ್ಲುಸಕ್ಕರೆ ಅಂತೂ ಹೆಸರಲ್ಲೇ ಹೇಳುತ್ತೆ. ಗ್ರಂಥಿಗೆ ಅಂಗಡಿಯಲ್ಲಿ ಸಿಗೋ ಜ್ಯೇಷ್ಠಮಧು ಮಾತ್ರ ಬೇರೆ ಜಾತಿ. ಅದರ ಸಿಹಿ ಬರೋದು ಸಕ್ಕರೆಯಿಂದಲ್ಲ, ಗ್ಲಿಸರೈಜಿನ್ ಅನ್ನೋ ಪದಾರ್ಥದಿಂದ. ಹಾಗಂತ ದಿನಗಟ್ಟಲೆ ಅದನ್ನೇ ಅಗೀತಾ ಕೂತರೆ ಬಿ.ಪಿ. ಏರುತ್ತೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತೆ. ಬಿ.ಪಿ. ಇರೋರು ದೂರ ಇಡೋದೇ ವಾಸಿ.

ಈಗ ಇದೇ ವಿಷಯದ ಇನ್ನೊಂದು ಮಗ್ಗುಲು, ದಯವಿಟ್ಟು ಗಮನ ಕೊಟ್ಟು ಓದಿ. ಇನ್ಸುಲಿನ್ ತಗೊಳ್ಳೋರಿಗೆ, ಕೆಲವು ಮಾತ್ರೆ ನುಂಗೋರಿಗೆ ಒಮ್ಮೊಮ್ಮೆ ಶುಗರ್ ಇಳಿದುಬಿಡುತ್ತೆ. ಬೆವರು, ನಡುಕ, ಕಣ್ಣು ಮಂಜು. 70ಕ್ಕಿಂತ ಕೆಳಗೆ ಹೋದರೆ ಕೂಡಲೇ 15 ಗ್ರಾಂ ಬೇಗ ಏರೋ ಕಾರ್ಬೋಹೈಡ್ರೇಟ್ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ ಅನ್ನೋದು ವೈದ್ಯರ ನಿಯಮ. ಆಗ ಜೇಬಲ್ಲಿರೋ ಸಾಧಾರಣ ಗುಳಿಗೆಯೂ ಉಪಯೋಗಕ್ಕೆ ಬರಬಹುದು, ಆದರೆ ಒಂದು ಸಾಲದು, ಆರು ಬೇಕು, ಅದನ್ನೂ ಚೀಪದೆ ಕಡಿದು ನುಂಗಬೇಕು. ಜೇಬಲ್ಲಿರೋದು ಶುಗರ್ ಫ್ರೀ ಆಗಿದ್ದರೆ? ಡಬ್ಬಿ ಖಾಲಿ ಮಾಡಿದರೂ ಹೊತ್ತಿಗೆ ಒದಗಲ್ಲ. ಇನ್ನೂ ಒಂದು ಇದೆ. ನಮ್ಮಲ್ಲಿ ಬಹಳ ಜನಕ್ಕೆ ಬರೆದುಕೊಡೋ ಶುಗರ್ ಮಾತ್ರೆಗಳಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುತ್ತೆ. ಸಕ್ಕರೆ ಒಡೆಯೋದನ್ನೇ ತಡ ಮಾಡೋದು ಅವುಗಳ ಕೆಲಸ. ಅವನ್ನು ತಗೊಳ್ಳೋರಿಗೆ ಶುಗರ್ ಇಳಿದಾಗ ಗುಳಿಗೆ, ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡಲ್ಲ. ನೇರವಾಗಿ ಗ್ಲೂಕೋಸ್ ಪುಡಿಯೇ ಬೇಕು. ನಿಮ್ಮ ಮಾತ್ರೆ ಚೀಟಿ ಇವತ್ತೇ ತೆಗೆದು ನೋಡಿ, ಈ ಹೆಸರು ಇದ್ದರೆ ಒಂದು ಗ್ಲೂಕೋಸ್ ಪೊಟ್ಟಣ ಮನೆಯಲ್ಲಿಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ಹಾಗೇ ಹತ್ತು ಗುಳಿಗೆ ಬೇಕಾಗುವಷ್ಟು ಕೆಮ್ಮು ಯಾಕೆ ಬರ್ತಿದೆ ಅಂತಲೂ ಕೇಳ್ಕೊಳ್ಳಿ. ಬಿ.ಪಿ.ಗೆ, ಸಕ್ಕರೆ ಕಾಯಿಲೆಯವರ ಕಿಡ್ನಿ ಕಾಪಾಡೋಕೆ ಕೊಡೋ ರಾಮಿಪ್ರಿಲ್, ಎನಾಲಾಪ್ರಿಲ್ ಜಾತಿಯ ಮಾತ್ರೆಗಳಿಂದ ಕೆಲವರಿಗೆ ಒಣ ಕೆಮ್ಮು ಬರುತ್ತೆ. ಮಾತ್ರೆಯಿಂದ ಬಂದ ಕೆಮ್ಮಿಗೆ ತಿಂಗಳುಗಟ್ಟಲೆ ಸಕ್ಕರೆ ಗುಳಿಗೆ ಚೀಪ್ತಾ ಕೂರೋರಿದ್ದಾರೆ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ವೈದ್ಯರಿಗೆ ಹೇಳಿ, ಅವರು ಬದಲಿಸಿಕೊಡ್ತಾರೆ. ಎರಡು ವಾರ ಮೀರಿದ ಕೆಮ್ಮಾದರೆ ಕಫ ಪರೀಕ್ಷೆ ಮಾಡಿಸಿ ಅನ್ನೋದು ನಮ್ಮ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮ ಹೇಳೋ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಬೇಡ. ಸಕ್ಕರೆ ಕಾಯಿಲೆ ಇರೋರಿಗೆ ಕ್ಷಯ ತಗಲೋ ಸಾಧ್ಯತೆಯೂ ಉಳಿದವರಿಗಿಂತ ಹೆಚ್ಚು. ಗುಳಿಗೆ ಕೆಮ್ಮನ್ನು ಸ್ವಲ್ಪ ಹೊತ್ತು ಸುಮ್ಮನಿರಿಸುತ್ತೆ, ಕ್ಷಯವನ್ನು ಸುಮ್ಮನಿರಿಸಲ್ಲ.

ಮಾಡಬೇಕಾದ್ದು ಬಹಳ ಸುಲಭ. ಡಬ್ಬಿ ಅಥವಾ ಪ್ಯಾಕೆಟ್ ಮೇಲೆ ನಿವ್ವಳ ತೂಕ ಇರುತ್ತೆ. ಅದನ್ನು ಒಳಗಿರೋ ಗುಳಿಗೆ ಸಂಖ್ಯೆಯಿಂದ ಭಾಗಿಸಿ. ಶುಗರ್ ಫ್ರೀ ಅಂತ ಬರೆದಿಲ್ಲ ಅಂದ್ರೆ ಬಂದ ಉತ್ತರವೆಲ್ಲ ಸಕ್ಕರೆ ಅಂತಲೇ ತಿಳ್ಕೊಳ್ಳಿ, ಹೆಚ್ಚು ತಪ್ಪಾಗಲ್ಲ. ದಿನಕ್ಕೆ ಎಷ್ಟು ತಿಂದಿರಿ ಅಂತ ಗುಣಿಸಿ, ಊಟದ ಲೆಕ್ಕಕ್ಕೆ ಸೇರಿಸಿ. ವೈದ್ಯರ ಹತ್ತಿರ ಹೋದಾಗ ಮಾತ್ರೆಗಳ ಜೊತೆ ಗುಳಿಗೆ, ಸಿರಪ್ಪಿನ ಹೆಸರನ್ನೂ ಹೇಳಿ. ಗಂಟಲು ಕೆರೆದರೆ ಬಿಸಿನೀರು ಗುಟುಕರಿಸಿ, ಉಪ್ಪುನೀರಲ್ಲಿ ಮುಕ್ಕಳಿಸಿ. ಅದಕ್ಕೆ ಕಾರ್ಬೋಹೈಡ್ರೇಟೂ ಇಲ್ಲ, ದುಡ್ಡೂ ಇಲ್ಲ.

ಸರ್ಕಾರವೂ ಒಂದು ಕೆಲಸ ಮಾಡಬಹುದು. ಆಹಾರದ ಲೈಸೆನ್ಸೋ, ಔಷಧದ ಲೈಸೆನ್ಸೋ, ಆಯುರ್ವೇದದ ಲೈಸೆನ್ಸೋ, ಯಾವುದಾದರೂ ಇರಲಿ. ಬಾಯಲ್ಲಿ ಚೀಪೋ ಪ್ರತಿ ಗುಳಿಗೆಯ ಪ್ಯಾಕೆಟ್ ಮೇಲೆ "ಒಂದು ಗುಳಿಗೆಯಲ್ಲಿ ಇಷ್ಟು ಗ್ರಾಂ ಕಾರ್ಬೋಹೈಡ್ರೇಟ್" ಅಂತ ಒಂದು ಸಾಲು ಕಡ್ಡಾಯ ಮಾಡಲಿ, ಕನ್ನಡದಲ್ಲೂ ಇರಲಿ. ಕಂಪನಿಗಳಿಗೆ ಅದರಿಂದ ನಷ್ಟ ಏನೂ ಇಲ್ಲ, ಎಷ್ಟು ಹಾಕಿದ್ದೀವಿ ಅಂತ ಅವರಿಗೆ ಮೊದಲೇ ಗೊತ್ತು. ದುಡ್ಡು ಕೊಟ್ಟು ತಿನ್ನೋರಿಗೂ ಗೊತ್ತಾಗಲಿ.